ಗೋರಿಯ ಮೇಲೆ ಹಾಜರಿ ಹಾಕಿದವರು

ನಮ್ಮ ಜನರ ಅಕ್ಷರಪ್ರೇಮವನ್ನು ಕಣ್ಣಾರೆ ಕಾಣಬೇಕೆನ್ನುವವರು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಂಡೆಗಿರುವ ಗ್ಯಾರಿಸನ್ ಸ್ಮಶಾನಕ್ಕೆ ಒಮ್ಮೆ ಹೋಗಿಬರಬೇಕು. ಟಿಪ್ಪುವಿನ ಕೋಟೆಗೆ ಇಂಗ್ಲಿಷರು ಹಾಕಿದ 1799ರ ಮುತ್ತಿಗೆಯಲ್ಲಿ ಸತ್ತ ಐರೋಪ್ಯ ಅಧಿಕಾರಿಗಳೂ, ಗೆದ್ದ ಮೇಲೆ ಇಲ್ಲೇ ಬೀಡುಬಿಟ್ಟವರೂ, ಅವರ ಹೆಂಡಿರು ಮಕ್ಕಳೂ ಸೇರಿ ಮುನ್ನೂರರಷ್ಟು ಮಂದಿ ಮಲಗಿರುವ ಆ ಜಾಗದಲ್ಲಿ, ಯಾವ ಹುಡುಗ ಯಾವ ಹುಡುಗಿಗೆ ಮನಸೋತಿದ್ದಾನೆಂಬ ಮಾಹಿತಿಯನ್ನು ಬಾಣದ ಗುರುತಿನ ಸಮೇತ ಗೋರಿಗಳ ಮೇಲೆ ಕೆರೆದಿಡಲಾಗಿದೆ. ಬೆಳಿಗ್ಗೆ ಹಾಜರಿ ಹಾಕದ ವಿದ್ಯಾರ್ಥಿಗಳೆಲ್ಲ ಇಲ್ಲಿ ಹಾಜರಿ ಹಾಕಿದ್ದಾರೆ.

ಇಲ್ಲಿರುವವರಲ್ಲಿ ಅನೇಕರು ಡಿ ಮ್ಯೂರಾನ್ ರೆಜಿಮೆಂಟಿಗೆ ಸೇರಿದವರು. ಇವರ ಕಥೆಯನ್ನು ನಮ್ಮ ಶಾಸಕರ ತರಬೇತಿ ಶಿಬಿರಗಳಲ್ಲಿ ಪಠ್ಯವಾಗಿಡಬಹುದು. 1781ರಲ್ಲಿ ಸ್ವಿಟ್ಜರ್ಲೆಂಡಿನ ನೌಶಾಟೆಲಿನಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಈ ಬಾಡಿಗೆ ಪಡೆ ಸಿಲೋನಿನಲ್ಲಿ ಡಚ್ಚರ ಕೋಟೆ ಕಾಯುತ್ತಿದ್ದಾಗಲೇ, 1795ರಲ್ಲಿ ಅದರ ಒಡೆಯ ಇಂಗ್ಲಿಷರೊಡನೆ ಕರಾರು ಮಾಡಿಕೊಂಡ. ಡಚ್ಚರು ಉಳಿಸಿಕೊಂಡಿದ್ದ ಸಂಬಳದ ಬಾಕಿಯನ್ನೂ ಹೊಸ ಯಜಮಾನರು ತೀರಿಸುವುದೆಂದು ಮಾತಾಯಿತು. ಆ ಸುದ್ದಿ ಕೊಲಂಬೊ ಕೋಟೆಯೊಳಕ್ಕೆ ಗಿಣ್ಣಿನ (ಚೀಸ್) ಉಂಡೆಯೊಳಗೆ ಅಡಗಿ ಹೋಯಿತೆಂಬ ಕಥೆಯೂ ಇದೆ. ಒಂದು ಗಿಣ್ಣಿನಲ್ಲಿ ಇಡೀ ರೆಜಿಮೆಂಟು ಪಕ್ಷಾಂತರ ಮಾಡಿತು. ನಮ್ಮಲ್ಲಿ ಹದಿನೈದು ಮಂದಿಗೆ ರೆಸಾರ್ಟು, ವಿಶೇಷ ವಿಮಾನ, ಒಂದು ತಿಂಗಳ ಊಟೋಪಚಾರ ಬೇಕಾಗುತ್ತದೆ. ಮಿತವ್ಯಯದಲ್ಲಿ ಸ್ವಿಸ್ಸರನ್ನು ಮೀರಿಸುವುದು ಕಷ್ಟವೇ.

ಫಿರಂಗಿಗೆ ಬಗ್ಗದವರನ್ನು ಮುಂದೆ ಊರಿನ ಜ್ವರ ಬಗ್ಗಿಸಿತು. ಸೊಳ್ಳೆಗಳ ಕಾಟಕ್ಕೆ ಸೋತ ಇಂಗ್ಲಿಷರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಆ ಸೊಳ್ಳೆಗಳಿಗೆ ಈವರೆಗೆ ಯಾವ ಸರ್ಕಾರವೂ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿಲ್ಲ.

ಪಾಳುಬಿದ್ದಿದ್ದ ಈ ಗೋರಿಗಳನ್ನು ದುರಸ್ತಿ ಮಾಡಿಸಲು ಡಿ ಮ್ಯೂರಾನ್ ಮನೆತನದ ಇಂದಿನ ತಲೆಮಾರಿನವರೇ ಸ್ವಿಟ್ಜರ್ಲೆಂಡಿನಿಂದ ಬರಬೇಕಾಯಿತು. ಕೂಲಿಗಾಗಿ ಕಾದಾಡಿದವರನ್ನು ಇನ್ನೂರು ವರ್ಷಗಳ ಮೇಲೂ ನೆನೆದು ಬರುವ ವಾರಸುದಾರರಿದ್ದಾರೆ. ನಾವೋ, ಟಿಪ್ಪುವಿನ ಜಯಂತಿಯನ್ನು 2015ರಲ್ಲಿ ಸರ್ಕಾರದ ಖರ್ಚಿನಲ್ಲಿ ಆರಂಭಿಸಿ, 2019ರಲ್ಲಿ ಸರ್ಕಾರದ ಆದೇಶದಲ್ಲೇ ನಿಲ್ಲಿಸಿ, ಎರಡೂ ಸಲ ಸಮಾನ ಉತ್ಸಾಹದಿಂದ ಬೀದಿಗಿಳಿದವರು. ನಾಚಿಕೆಯಾಗಬೇಕು. 1799ರ ಆ ಮೇ 4ರ ಮಧ್ಯಾಹ್ನ ಕೋಟೆಯ ಕಾಳಗದಲ್ಲಿ ಸಾವಿರಗಟ್ಟಲೆ ಮೈಸೂರಿನ ಸಿಪಾಯಿಗಳು ಸತ್ತರು. ಅವರ ಹೆಸರಿನ ಒಂದು ಕಲ್ಲಿಗಾಗಿ ಪರವಾದವರೂ ಬೀದಿಗಿಳಿಯಲಿಲ್ಲ, ವಿರೋಧವಾದವರೂ ಇಳಿಯಲಿಲ್ಲ. ಅವರನ್ನು ಎಲ್ಲಿ ಹೂಳಿದರೆಂದು ನಾನಾದರೂ ಅಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ, ಮೈಸೂರಿನ ಬಸ್ಸಿಗೆ ಹೊತ್ತಾಗಿತ್ತು.