ರೇಡಿಯೊ ಇಂಗ್ಲಿಷ್‌ಗೆ ನಾಲ್ಕನೇ ಹಂತ: ಪೈಲಟ್‌ಗಳಿಗೆ ಕಡ್ಡಾಯ ಇರಬೇಕೇ?

ಪರ

ಮಂಜು ಸರಿದ ಬೆಳಗ್ಗೆ ನಂದಿಬೆಟ್ಟದ ಮೇಲೆ ನಿಂತರೆ ದೇವನಹಳ್ಳಿಯ ಕಡೆಗೆ ಇಳಿಯುವ ವಿಮಾನಗಳು ಕಾಣುತ್ತವೆ. ಒಂದರ ಪೈಲಟ್ ಮಲಯಾಳಿ ಇರಬಹುದು, ಹಿಂದಿನದರ ಪೈಲಟ್ ಜರ್ಮನ್ ಇರಬಹುದು. ಇಬ್ಬರೂ ಒಂದೇ ತರಂಗಾಂತರದಲ್ಲಿದ್ದಾರೆ. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರು ತನಗೆ ಹೇಳಿದ್ದು ಪೈಲಟ್‌ಗೆ ತಿಳಿದರೆ ಸಾಲದು, ಪಕ್ಕದ ವಿಮಾನಕ್ಕೆ ಹೇಳಿದ್ದೂ ತಿಳಿಯಬೇಕು. ಚಿಂತಾಮಣಿಯ ಸಂತೆಯಲ್ಲಿ ಕನ್ನಡ, ತೆಲುಗು ಬೆರೆಸಿ ಆಡಿದರೂ ವ್ಯಾಪಾರ ಕುದುರುತ್ತದೆ, ಏಕೆಂದರೆ ಅಲ್ಲಿ ಎಲ್ಲರಿಗೂ ಎರಡೂ ಬರುತ್ತವೆ. ಆಕಾಶದಲ್ಲಿ ಆ ಭಾಗ್ಯವಿಲ್ಲ. ಅದಕ್ಕೇ ಪೈಲಟ್‌ಗಳ ಇಂಗ್ಲಿಷ್‌ಗೆ ಒಂದು ಕನಿಷ್ಠ ಮಟ್ಟ ಬೇಕು.

2000ದ ಮೇ ತಿಂಗಳಲ್ಲಿ ಪ್ಯಾರಿಸ್‌ನ ದೊಡ್ಡ ವಿಮಾನ ನಿಲ್ದಾಣದಲ್ಲಿ ಆದದ್ದನ್ನು ನೋಡಿ. ಫ್ರೆಂಚ್ ವಿಮಾನಕ್ಕೆ ಟೇಕಾಫ್ ಅನುಮತಿ ಫ್ರೆಂಚಿನಲ್ಲಿ ಸಿಕ್ಕಿತು. ಅದೇ ರನ್‌ವೇಗೆ ನಡುವಿನ ದಾರಿಯಿಂದ ಬರುತ್ತಿದ್ದ ಬ್ರಿಟಿಷ್ ಸರಕು ವಿಮಾನದವರಿಗೆ ಅದು ಅರ್ಥವಾಗಲಿಲ್ಲ. ರೆಕ್ಕೆಯ ತುದಿ ಕಾಕ್‌ಪಿಟ್ ಸೀಳಿತು, ಒಬ್ಬ ಪೈಲಟ್ ಸತ್ತರು. ಅದಕ್ಕೆ ಹತ್ತು ವರ್ಷ ಮುಂಚೆ, 1990ರ ಜನವರಿ 25ರಂದು, ಕೊಲಂಬಿಯಾದ ಏವಿಯಾಂಕಾ 52 ವಿಮಾನ ನ್ಯೂಯಾರ್ಕ್ ಹತ್ತಿರ ಇಂಧನ ಮುಗಿದು ಬಿದ್ದಿತು. ಇಂಧನ ಮುಗಿಯುತ್ತಿದೆ ಎಂದು ಅವರು ಹೇಳಿದ್ದರು. ‘ಎಮರ್ಜೆನ್ಸಿ’ ಎಂಬ ಪದವನ್ನು ಮಾತ್ರ ಆಡಲಿಲ್ಲ. 73 ಜನ ಸತ್ತರು.

ನಮ್ಮ ನೆಲದ ನೋವೂ ಇದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಹೋದರು. 15,000 ಅಡಿಯಲ್ಲಿ ನಿಲ್ಲಬೇಕಾಗಿದ್ದ ಕಜಕ್ ವಿಮಾನ ಇನ್ನೂ ಕೆಳಗಿಳಿದಿತ್ತು. ದೆಹಲಿಯ ನಿಯಂತ್ರಕರೊಂದಿಗೆ ಮಾತನಾಡುತ್ತಿದ್ದವರು ಪೈಲಟ್ ಅಲ್ಲ, ರೇಡಿಯೊ ಆಪರೇಟರ್. ಚುಕ್ಕಾಣಿ ಹಿಡಿದವರ ಕಿವಿಗೂ ನಿಯಂತ್ರಕರ ಬಾಯಿಗೂ ನಡುವೆ ಇನ್ನೊಬ್ಬರು ಇರುವುದು ಎಷ್ಟು ಅಪಾಯ!

ಇಂತಹ ದುರಂತಗಳನ್ನು ಕಂಡೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2008ರ ಮಾರ್ಚ್‌ನಿಂದ ಭಾಷೆಯನ್ನು ಅಳೆಯಲು ಆರು ಹಂತಗಳ ಅಳತೆಗೋಲನ್ನು ಜಾರಿಗೆ ತಂದಿತು. ಉಚ್ಚಾರಣೆ, ವಾಕ್ಯರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ: ಈ ಆರು ಕೌಶಲಗಳಲ್ಲಿ ಯಾವುದು ಅತ್ಯಂತ ಕೆಳಗಿದೆಯೋ ಅದರ ಹಂತವೇ ಒಟ್ಟು ಹಂತ. ಕನಿಷ್ಠ ನಾಲ್ಕು ಬೇಕು. ಇದನ್ನು ಕಠಿಣ ಎನ್ನುವವರು ವಿಮಾನದ ಹಿಂದಿನ ಸೀಟುಗಳಲ್ಲಿ ಕುಳಿತವರನ್ನು ನೆನೆಯಲಿ.

ವಿರೋಧ

ಚರ್ಖಿ ದಾದ್ರಿಯ ಹೆಸರು ಹೇಳಿದವರು ಅರ್ಧವನ್ನಷ್ಟೇ ಹೇಳಿದರು. ಅಂದು ದೆಹಲಿಗೆ ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ಒಂದೇ ಮಾರ್ಗವಿತ್ತು. ಎದುರಿನ ವಿಮಾನದ ಬಗ್ಗೆ ಎಚ್ಚರಿಸುವ ಉಪಕರಣ ಇರಲಿಲ್ಲ. ಆಮೇಲೆ ಮಾರ್ಗ ಬೇರೆಯಾಯಿತು, ಉಪಕರಣ ಕಡ್ಡಾಯವಾಯಿತು. ಹೆಣಗಳ ಭಾರವನ್ನೆಲ್ಲ ಒಬ್ಬ ಆಪರೇಟರ್‌ನ ಇಂಗ್ಲಿಷ್ ಮೇಲೆ ಹೊರಿಸುವುದು ನ್ಯಾಯವಲ್ಲ.

ನನ್ನನ್ನು ಹೆಚ್ಚು ಕಾಡುವುದು ಅಳತೆಗೋಲಿನ ಓರೆ. ನಾಲ್ಕನೇ ಹಂತದವರು ಮೂರು ವರ್ಷಕ್ಕೊಮ್ಮೆ, ಐದನೆಯವರು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಆರನೆಯವರಿಗೆ ಆಜೀವ ವಿನಾಯಿತಿ. ತೊಟ್ಟಿಲಿನಲ್ಲೇ ಇಂಗ್ಲಿಷ್ ಕಲಿತವರು ಸಾಮಾನ್ಯವಾಗಿ ಆರರಲ್ಲಿ ಕೂರುತ್ತಾರೆ. ತಮ್ಮೂರಿನ ನುಡಿಗಟ್ಟು ಸೇರಿಸಿ ಗಡಗಡ ಮಾತನಾಡಿ ಎದುರಿನವರನ್ನು ಗಲಿಬಿಲಿಗೊಳಿಸಿದರೂ ಅವರನ್ನು ಮತ್ತೆ ಯಾರೂ ಪರೀಕ್ಷಿಸುವುದಿಲ್ಲ.

ರೇಡಿಯೊ ಭಾಷೆ ಲಂಡನ್ನಿನ ಇಂಗ್ಲಿಷ್ ಅಲ್ಲವೇ ಅಲ್ಲ. ಅಲ್ಲಿ ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’, ಸಾವಿರಕ್ಕೆ ‘ಟೌಸಂಡ್’ ಎನ್ನುವುದೇ ನಿಯಮ. ಗದ್ದಲದ ನಡುವೆಯೂ, ಯಾವ ದೇಶದ ನಾಲಿಗೆಗೂ ಕಿವಿಗೂ ದಕ್ಕಲಿ ಎಂದು ತಿದ್ದಿದ ಪದಗಳು ಇವು. ‘ಟ್ರೀ’ ಎಂದ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಪೆಟ್ಟು ಬಿದ್ದಿದೆ! ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಬಾಗೇಪಲ್ಲಿಯ ಹುಡುಗಿಗೆ ಈ ಮೂರನೆಯ ಭಾಷೆ, ಅಂದರೆ ರೇಡಿಯೊ ನುಡಿ ಮತ್ತು ಆಪತ್ತಿನಲ್ಲಿ ಬೇಕಾಗುವ ಮಾತು, ಖಂಡಿತ ದಕ್ಕುತ್ತದೆ. ಚಿತ್ರ ತೋರಿಸಿ ವರ್ಣಿಸು ಎನ್ನುವ ಸಂದರ್ಶನದಲ್ಲಿ ಅವಳು ತಡವರಿಸಿದರೆ ಅದು ಹಾರಾಟದ ಕೊರತೆ ಹೇಗಾದೀತು?

ಒಂದೇ ಭಾಷೆ ಇದ್ದರಷ್ಟೇ ಸುರಕ್ಷಿತ ಎಂಬುದನ್ನೂ ನಾನು ಒಪ್ಪುವುದಿಲ್ಲ. ಕೆನಡಾದಲ್ಲಿ 1976ರಲ್ಲಿ ರೇಡಿಯೊದಲ್ಲಿ ಫ್ರೆಂಚ್ ಬೇಡವೆಂದು ಪೈಲಟ್‌ಗಳು ಕೆಲಸವನ್ನೇ ನಿಲ್ಲಿಸಿದ್ದರು. ತನಿಖಾ ಆಯೋಗ 1979ರಲ್ಲಿ ಎರಡೂ ಭಾಷೆಗಳನ್ನು ಸುರಕ್ಷಿತವಾಗಿ ಬಳಸಬಹುದು ಎಂದಿತು. ಅಲ್ಲಿನ ಫ್ರೆಂಚ್ ನುಡಿಯ ಪ್ರಾಂತ್ಯವಾದ ಕ್ವಿಬೆಕ್‌ನಲ್ಲಿ ಇಂದಿಗೂ ಎರಡೂ ನಡೆಯುತ್ತಿವೆ.

ಪರೀಕ್ಷೆ ಇರಲೇಬೇಕೆಂದರೆ ಆರನೇ ಹಂತದವರನ್ನೂ ಮೂರು ವರ್ಷಕ್ಕೊಮ್ಮೆ ಅದೇ ಕುರ್ಚಿಯಲ್ಲಿ ಕೂರಿಸಿ, ಬಾಗೇಪಲ್ಲಿಯ ಹುಡುಗಿಗೆ ಅರ್ಥವಾಗುವಂತೆ ನಿಧಾನವಾಗಿ ‘ಟ್ರೀ’ ಎಂದು ಹೇಳಿಸಿ.