ಬಾಚಿದ್ದಕ್ಕ ಹಿಂಗ ಆಗೇತ್ರಿ ಟೀಚರ

ಹೋದ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಸಾಲಿನಿಂದ ಹೊರಗೆ ಕರೆದೆ. ಎರಡು ಹೆರಳು, ಕೆಂಪು ರಿಬ್ಬನ್ನು, ಎಲ್ಲ ಸರಿ ಇತ್ತು. ಆದರೆ ಹಣೆಯ ಮೇಲೆ, ಕಿವಿಯ ಹಿಂದೆ ಕೂದಲು ಕೆದರಿ ಎದ್ದು ನಿಂತಿತ್ತು. "ನಾಳಿಂದ ತಲಿ ಛಲೋ ಬಾಚ್ಕೊಂಡ್ ಬಾ" ಅಂದೆ. ಅವಳು ತಲೆ ತಗ್ಗಿಸಿ, ಮೆತ್ತಗೆ, "ಬಾಚೀನ್ರಿ ಟೀಚರ. ಬಾಚಿದ್ದಕ್ಕ ಹಿಂಗ ಆಗೇತ್ರಿ" ಅಂದಳು.

ನಾನು ವಿಜ್ಞಾನ ಕಲಿಸುವವಳು. ನನ್ನ ತಲೆಯ ಮೇಲೂ ಅದೇ ಗುಂಗುರು ಕೂದಲು ಇದೆ, ಮೂವತ್ತಾರು ವರ್ಷದಿಂದ ಇದೆ. ಚಿಕ್ಕವಳಿದ್ದಾಗ ಇದೇ ಮಾತು ಕೇಳಿ ಕೇಳಿ ಬೇಸತ್ತವಳು ನಾನು. ಆದರೂ ಅದೇ ಮಾತು ನನ್ನ ಬಾಯಿಂದಲೇ ಬಂತು ನೋಡಿ. ಆವತ್ತು ಇಡೀ ದಿನ ಪಾಠ ಸರಿ ಹೋಗಲಿಲ್ಲ. ಹುಡುಗಿ ಹೇಳಿದ್ದು ನೂರಕ್ಕೆ ನೂರು ನಿಜ. ಗುಂಗುರು ಕೂದಲನ್ನು ಒಣಗಿದ್ದಾಗ ಬಾಚಿದರೆ ಅದು ಕೆದರದೆ ಇನ್ನೇನಾಗಬೇಕು?

ನಮ್ಮ ಮನೆಯಲ್ಲಿ ಪೂರ್ತಿ ಹಲ್ಲಿದ್ದ ಹಣಿಗಿ ಯಾವತ್ತೂ ಇರಲಿಲ್ಲ. ರವಿವಾರ ಮಧ್ಯಾಹ್ನ ಅವ್ವ ಕಟ್ಟೆಯ ಮೇಲೆ ಕೂತು, ನನ್ನನ್ನು ಮೊಣಕಾಲ ನಡುವೆ ಸಿಗಿಸಿಕೊಂಡು ಶುರು ಮಾಡುತ್ತಿದ್ದಳು. ಬಿಸಿಲಿಗೆ ಗರಿಗರಿ ಒಣಗಿದ ಕೂದಲು. ನೆತ್ತಿಯಲ್ಲಿ ಹಣಿಗಿ ಇಟ್ಟು ಕೆಳಗೆ ಎಳೆದರೆ ಅರ್ಧಕ್ಕೆ ಸಿಕ್ಕಿ ನಿಲ್ಲುತ್ತಿತ್ತು. ಇನ್ನೊಂದು ಸಲ ಜೋರಾಗಿ ಎಳೆಯುತ್ತಿದ್ದಳು. ಟಪ್ ಅಂತ ಒಂದು ಸದ್ದು. ಹಣಿಗಿಯ ಹಲ್ಲು ಮುರಿಯಿತೋ ಕೂದಲು ಹರಿಯಿತೋ ಅಂತ ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಿದ್ದೆವು. ಹಾದು ಹೋಗುವವರೆಲ್ಲ "ಏನವಾ, ಗೀಜಗನ ಗೂಡ ಬಿಚ್ಚಾಕ ಹತ್ತೀಯೇನ?" ಅನ್ನುವವರೇ.

ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೈ ಅಷ್ಟು ಒರಟಾಗಿದ್ದಕ್ಕೆ ಒಂದು ಭಯ ಕಾರಣ. ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ನಮ್ಮ ಕಡೆ ಹೆಣ್ಣುಮಕ್ಕಳ ತಲೆಯಲ್ಲಿ ಕೂದಲು ಗಂಟುಗಟ್ಟಿದರೆ "ಜಡಿ ಬಿದ್ದಾವು" ಅನ್ನುತ್ತಾರೆ. ಜಡಿ ಬಿತ್ತು ಅಂದರೆ ಸವದತ್ತಿ ಯಲ್ಲಮ್ಮ ಕರೆದಳು ಅಂತ ಅರ್ಥ. ಅದನ್ನು ಕತ್ತರಿಸಬಾರದು, ಬಿಡಿಸಬಾರದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಸೀಮೆಯಲ್ಲಿ ಇದೇ ಕಾರಣ ಹೇಳಿ ಎಷ್ಟೋ ಬಡ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ದೇವದಾಸಿ ಪದ್ಧತಿಗೆ ನಿಷೇಧ ಹೇರುವ ಕಾನೂನು ರಾಜ್ಯದಲ್ಲಿ ಬಂದದ್ದು 1982ರಲ್ಲಿ. ಅವ್ವ ಆಗ ಸಣ್ಣವಳು. ಓಣಿಯಲ್ಲಿ ಏನೇನು ನೋಡಿದ್ದಳೋ, ಅವಳು ಅದನ್ನು ಪೂರ್ತಿ ಹೇಳುವುದಿಲ್ಲ. "ನಿನ್ನ ತಲ್ಯಾಗ ಗಂಟ ಕಂಡ್ರ ನನ್ನ ಹೊಟ್ಟಿ ಝಲ್ ಅಂತಿತ್ತ" ಅಂತ ಒಮ್ಮೆ ಅಂದಳು, ಅಷ್ಟೇ.

ಜಡಿ ಹೇಗೆ ಬೀಳುತ್ತದೆ ಅನ್ನುವುದು ಮಾತ್ರ ತೀರಾ ಸರಳ. ಎಲ್ಲರ ತಲೆಯಿಂದಲೂ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುತ್ತವೆ. ನೇರ ಕೂದಲಾದರೆ ಜಾರಿ ಕೆಳಗೆ ಬೀಳುತ್ತದೆ. ಗುಂಗುರು ಕೂದಲಲ್ಲಿ ಉದುರಿದ್ದು ಸುರುಳಿಗಳಲ್ಲೇ ಸಿಕ್ಕಿಕೊಂಡು, ಪಕ್ಕದ ಕೂದಲನ್ನೂ ಸುತ್ತಿಕೊಂಡು ಅಲ್ಲೇ ಉಳಿಯುತ್ತದೆ. ವಾರಗಟ್ಟಲೆ ಬಿಡಿಸದಿದ್ದರೆ ಗಂಟು, ತಿಂಗಳುಗಟ್ಟಲೆ ಬಿಟ್ಟರೆ ಹಗ್ಗ. ಇದರಲ್ಲಿ ದೇವಿಯ ಪಾತ್ರ ಏನೂ ಇಲ್ಲ. ಹಾಗಂತ ಬಾಚಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಒಣಗಿದ್ದಾಗ ಬಾಚಬೇಡಿ, ಒದ್ದೆ ಇದ್ದಾಗ ಬಿಡಿಸಿ ಅಂತ ಹೇಳುತ್ತಿದ್ದೇನೆ.

ಯಾಕೆ ಅಂದರೆ ಈ ಕೂದಲು ಹುಟ್ಟಿನಿಂದಲೇ ಒಣ. ನೆತ್ತಿಯಲ್ಲಿ ಎಣ್ಣೆಯಂಥ ಜಿಡ್ಡು ಎಲ್ಲರಿಗೂ ಬರುತ್ತದೆ. ನೇರ ಕೂದಲು ನಮ್ಮ ಸೊಲ್ಲಾಪುರ ರಸ್ತೆ ಇದ್ದ ಹಾಗೆ, ಜಿಡ್ಡು ಸರಾಗ ಇಳಿದು ತುದಿ ಮುಟ್ಟುತ್ತದೆ. ನಮ್ಮದು ಚೋರ್ಲಾ ಘಾಟು. ಪ್ರತಿ ತಿರುವಿನಲ್ಲೂ ನಿಧಾನ. ತುದಿಗೆ ಹೋಗಿ ಸೇರುವುದೇ ಇಲ್ಲ. ಅದಕ್ಕೇ ನೆತ್ತಿ ಜಿಡ್ಡು ಜಿಡ್ಡು, ತುದಿ ಕಣಿಕೆಯ ಹಾಗೆ. "ಎಣ್ಣಿ ಹಚ್ಚಿದ್ರ ಸಾಪಾಗ್ತೈತಿ" ಅನ್ನುವವರಿಗೂ ಒಂದು ಮಾತು. ಕೊಬ್ಬರಿ ಎಣ್ಣೆ ಒಳ್ಳೆಯದೇ. ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿ 2003ರಲ್ಲಿ ಒಂದು ಅಧ್ಯಯನ ಬಂತು. ಕೂದಲಿನ ಪ್ರೋಟೀನ್ ತೊಳೆದುಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಆದರೆ ಎಣ್ಣೆ ನೀರಲ್ಲ. ಒಣಗಿದ ಕೂದಲಿಗೆ ಬೇಕಾದದ್ದು ಮೊದಲು ನೀರು. ಎಣ್ಣೆಯನ್ನು ತಲೆ ತೊಳೆಯುವ ಮುಂಚೆ ಹಚ್ಚಿ, ಒಂದೆರಡು ತಾಸು ಬಿಟ್ಟರೆ ಸಾಕು.

ಇಷ್ಟೆಲ್ಲ ಗೊತ್ತಿದ್ದವಳು ನಾನು ಮಾಡಿದ್ದೇನು ಕೇಳಿ.

2013ರಲ್ಲಿ ನನ್ನನ್ನು ನೋಡಲು ಬಂದವರಲ್ಲಿ ಒಬ್ಬರು ಹೋಗುವಾಗ "ಹುಡುಗಿ ಛಲೋ ಅದಾಳ್ರಿ, ಕೂದ್ಲ ಒಂದ..." ಅಂತ ಅರ್ಧಕ್ಕೆ ನಿಲ್ಲಿಸಿದರು. ಮುಂದಿನ ವಾರವೇ ಒಂದು ಪಾರ್ಲರ್‌ಗೆ ಹೋಗಿ ಐದು ಸಾವಿರ ಕೊಟ್ಟು ಸ್ಟ್ರೇಟನಿಂಗ್ ಮಾಡಿಸಿದೆ. ಆ ದುಡ್ಡು ನನ್ನ ಮೊದಲ ಸಂಬಳದ್ದು. ಕೂದಲಿಗೆ ಆಕಾರ ಕೊಡುವ ಡೈಸಲ್ಫೈಡ್ ಬಂಧಗಳನ್ನು ರಾಸಾಯನಿಕ ಹಾಕಿ ಮುರಿದು, ನೇರ ಮಾಡಿ, ಮತ್ತೆ ಕೂಡಿಸುವುದು ಆ ಕೆಲಸ. ಸರಿ, ಕೂದಲು ಸೊಂಟದವರೆಗೆ ಪರದೆಯ ಹಾಗೆ ಇಳಿಯಿತು. ಅವ್ವನಿಗೆ ಖುಷಿಯೋ ಖುಷಿ. ಆದರೆ ಬೇರಿಗೆ ಯಾರು ಹೇಳಬೇಕು? ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹೊಸದಾಗಿ ಬರುವುದೆಲ್ಲ ಗುಂಗುರೇ. ಆರು ತಿಂಗಳಿಗೆ ನೆತ್ತಿಯ ಮೇಲೆ ಟೊಪ್ಪಿಗೆ, ಕೆಳಗೆ ಪೊರಕೆ ಕಡ್ಡಿ. ಎರಡೂ ಸೇರುವ ಜಾಗದಲ್ಲಿ ಪಟಪಟ ಮುರಿಯತೊಡಗಿತು.

ಅದನ್ನು ಸರಿ ಮಾಡಲು ಇನ್ನೊಂದು ಕಡೆ ಕೆರಾಟಿನ್ ಟ್ರೀಟ್‌ಮೆಂಟ್ ಅಂತ ಮಾಡಿಸಿದೆ. ಬಿಸಿ ಇಸ್ತ್ರಿ ಇಟ್ಟಾಗ ಹೊಗೆ ಎದ್ದು ಕಣ್ಣಲ್ಲಿ ನೀರು ಸುರಿಯಿತು. ಆ ವಾಸನೆ ನನಗೆ ಗೊತ್ತಿತ್ತು. ಕಾಲೇಜಿನ ಲ್ಯಾಬಿನಲ್ಲಿ ಜಾರಿನೊಳಗೆ ಕಪ್ಪೆ ಇಟ್ಟಿರುತ್ತಾರಲ್ಲ, ಅದೇ ಫಾರ್ಮಾಲಿನ್ ವಾಸನೆ. ಕೂದಲು ನೇರ ಮಾಡುವ ಇಂಥ ಹಲವು ದ್ರಾವಣಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಾನು ಮೂಗು ಮುಚ್ಚಿಕೊಂಡು ಕೂತೇ ಇದ್ದೆ. ನನ್ನ ಬಗ್ಗೆ ನನಗೇ ನಾಚಿಕೆ ಆಗುವುದು ಅದಕ್ಕೆ. ಆ ಕೆಲಸ ಮಾಡುತ್ತಿದ್ದ ಹುಡುಗಿ ದಿನಾ ಆ ಹೊಗೆ ಕುಡಿಯುತ್ತಿದ್ದಳು. ಅವಳಿಗಾದರೂ ಹೇಳಬೇಕಿತ್ತು, ಹೇಳಲಿಲ್ಲ.

ಕೊನೆಗೆ ಎಲ್ಲ ಕತ್ತರಿಸಿ ಕಿವಿಯವರೆಗೆ ತಂದೆ. ಅವ್ವ ಎರಡು ದಿನ ಮಾತಾಡಲಿಲ್ಲ. (ಮದುವೆ ಆಯಿತು ಬಿಡಿ. ನಮ್ಮ ಮನೆಯವರಿಗೆ ತಲೆಯಲ್ಲಿ ಕೂದಲೇ ಇಲ್ಲ. ಹಾಗಾಗಿ ಆ ವಿಷಯ ಅವರು ಎತ್ತುವುದೂ ಇಲ್ಲ.)

ಆಮೇಲೆ ಶುರುವಾಗಿದ್ದು ಇಂಟರ್ನೆಟ್ ಓದು. ನ್ಯೂಯಾರ್ಕಿನ ಲೊರೇನ್ ಮ್ಯಾಸಿ ಎಂಬ ಹೇರ್ ಸ್ಟೈಲಿಸ್ಟ್ 2001ರ ಹೊತ್ತಿಗೆ ಜನಪ್ರಿಯ ಮಾಡಿದ ಕರ್ಲಿ ಗರ್ಲ್ ಮೆಥಡ್ ಅಂತ ಒಂದಿದೆ. ಸಲ್ಫೇಟ್ ಇರುವ ಶಾಂಪೂ ಬೇಡ, ಸಿಲಿಕೋನ್ ಬೇಡ, ಬಾಚಣಿಗೆ ಬೇಡ, ಬಿಸಿ ಬೇಡ, ಕಂಡೀಷನರ್‌ನಲ್ಲೇ ತಲೆ ತೊಳೆಯಿರಿ ಅನ್ನುತ್ತದೆ. ನಾನು ಶಿಸ್ತಾಗಿ ಮಾಡಿದೆ. ಮೂರನೇ ವಾರಕ್ಕೆ ತಲೆ ಕೆರೆದು ಕೆರೆದು ಸಾಕಾಯಿತು. ವಿಜಯಪುರದ ಧೂಳು, ಸ್ಕೂಟಿ, ಬೆವರು, ಅದರ ಮೇಲೆ ಬೋರ್ ನೀರು. ಇದಕ್ಕೆ ಶಾಂಪೂ ಇಲ್ಲದೆ ಆಗದು. ನೆತ್ತಿಗೆ ಮಾತ್ರ ಶಾಂಪೂ, ಉದ್ದಕ್ಕೆ ಕಂಡೀಷನರ್ ಅಂತ ನಾನೇ ಒಪ್ಪಂದ ಮಾಡಿಕೊಂಡೆ.

ಕೂದಲಿಗೆ ನಂಬರ್ ಕೊಡುವ ಹುಚ್ಚೂ ಹಿಡಿದಿತ್ತು. ಅಮೆರಿಕದ ಆಂಡ್ರೆ ವಾಕರ್ 1990ರ ದಶಕದಲ್ಲಿ ಮಾಡಿದ ಲೆಕ್ಕ ಅದು. ಒಂದು ಅಂದರೆ ನೇರ, ನಾಲ್ಕು ಅಂದರೆ ಬಿಗಿ ಸುರುಳಿ, ನಡುವೆ ಎ, ಬಿ, ಸಿ. ನನ್ನದು ಹಿಂದೆ 3ಬಿ, ಮುಂದೆ 2ಸಿ, ಎಡಗಿವಿಯ ಹತ್ತಿರ ಏನೂ ಅಲ್ಲ. ತಿಳಿದುಕೊಂಡು ಏನು ಉಪಯೋಗ ಆಯಿತು ಅಂದರೆ, ಏನೂ ಇಲ್ಲ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಊರಿನ ಹವೆ ಅರ್ಥ ಮಾಡಿಕೊಂಡಿದ್ದು. ಬಿ.ಎಡ್. ಓದುವಾಗ ಬೆಳಗಾವಿಯಲ್ಲಿದ್ದೆ. ಇಲ್ಲಿಂದ ಸುಮಾರು 200 ಕಿ.ಮೀ. ಅಲ್ಲಿನ ಜುಲೈ ಮಳೆಯಲ್ಲಿ ನನ್ನ ಕೂದಲು ಒಗ್ಗರಣೆಗೆ ಬಿದ್ದ ಅವಲಕ್ಕಿಯ ಹಾಗೆ ಉಬ್ಬುತ್ತಿತ್ತು. ಗಾಳಿಯಲ್ಲಿನ ತೇವ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳನ್ನು ಬಿಚ್ಚಿ ಬೇರೆ ಕಡೆ ಕಟ್ಟುತ್ತದೆ, ಅದಕ್ಕೆ ಹಾಗೆ. ಇಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ, ಗಾಳಿಯಲ್ಲಿ ಹನಿ ತೇವ ಇಲ್ಲ. ಮುಂಬೈ ಹುಡುಗಿಯ ವಿಡಿಯೋ ನೋಡಿ ಗ್ಲಿಸರಿನ್ ಇರುವ ಕ್ರೀಮ್ ಹಚ್ಚಿದರೆ ನನ್ನ ತಲೆ ಮಧ್ಯಾಹ್ನಕ್ಕೇ ತೆಂಗಿನ ನಾರು. ಗ್ಲಿಸರಿನ್ ಎಲ್ಲಿ ತೇವ ಇದೆಯೋ ಅಲ್ಲಿಂದ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ಇಲ್ಲದಿದ್ದರೆ ಇನ್ನೆಲ್ಲಿಂದ ಎಳೆಯಬೇಕು? ಬೇಸಿಗೆಯಲ್ಲಿ ಅದನ್ನು ಬಿಟ್ಟ ಮೇಲೆ ಆರಾಮ ಆಯಿತು.

ಇನ್ನು ನೀರು. ನಮ್ಮ ಮನೆಯ ಬೋರ್ ನೀರಿನಲ್ಲಿ, ಬಕೆಟ್‌ಗೆ ಇಟ್ಟು ನೀರು ಕಾಯಿಸುವ ಕಾಯಿಲ್ ಮೂರು ತಿಂಗಳು ಬಳಸಿದರೆ ಅದಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ. ಕಾಯಿಲಿಗೆ ಕಟ್ಟುವುದು ಕೂದಲಿಗೆ ಕಟ್ಟದೇ ಇರುತ್ತದೆಯೇ? ಹೊಳೆ ನೀರು ನಲ್ಲಿಗೆ ಬಂದ ದಿನ ಒಂದು ಕೊಡ ತೆಗೆದಿಟ್ಟು, ಕೊನೆಯ ಸಲ ತೊಳೆಯಲು ಅದನ್ನೇ ಬಳಸುತ್ತೇನೆ. ಒಂದು ಚೊಂಬಿಗೆ ನಾಲ್ಕು ಹನಿ ಲಿಂಬೆ. ಅಷ್ಟಕ್ಕೇ ಕೂದಲು ಮೆತ್ತಗಾಗುತ್ತದೆ. "ಕುಡ್ಯಾಕ ಇಟ್ಟ ನೀರ ತಲಿಗೆ ಸುರಕೋತೀಯಲ್ಲ, ಪಾಪ ಹತ್ತೂದಿಲ್ಲೇನ?" ಅಂತ ಅವ್ವ ಬೈಯುತ್ತಾಳೆ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. 1620ರಲ್ಲೇ ತಾಜ್ ಬಾವಡಿಯಂಥ ಬಾವಿ ಕಟ್ಟಿಸಿದ ಊರು ಇದು. ಆದರೂ ನೀರಿನ ಲೆಕ್ಕ ಇನ್ನೂ ಕೊಡದಲ್ಲೇ ನಡೆಯುತ್ತಿದೆ. ಮಳೆ ಬಂದ ದಿನ ತಗಡಿನ ಕೆಳಗೆ ಬಕೆಟ್ ಇಡುತ್ತೇನೆ, ಅದಕ್ಕೆ ಯಾರೂ ಬೈಯುವುದಿಲ್ಲ.

ಎಲ್ಲಕ್ಕಿಂತ ಮಜಾ ಅಗಸಿದು. ಗುಂಗುರು ಕೂದಲಿಗೆ ಫ್ಲ್ಯಾಕ್ಸ್‌ಸೀಡ್ ಜೆಲ್ ಅಂತ ಆನ್‌ಲೈನ್‌ನಲ್ಲಿ ಪುಟ್ಟ ಡಬ್ಬಿಗೆ ಐದುನೂರು, ಆರುನೂರು ಕೇಳುತ್ತಾರೆ. ಏನಿದು ಅಂತ ನೋಡಿದರೆ ನಮ್ಮ ಅಗಸಿ! ರೊಟ್ಟಿ ಜೊತೆ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿಕೊಂಡು ತಿನ್ನುತ್ತಾ ಬೆಳೆದದ್ದು. ನಾಲ್ಕು ಚಮಚ ಅಗಸಿ, ಎರಡು ಲೋಟ ನೀರು, ಸಣ್ಣ ಉರಿ, ತಳ ಹತ್ತದಂತೆ ಕೈಯಾಡಿಸಬೇಕು. ಎಂಟು ಹತ್ತು ನಿಮಿಷಕ್ಕೆ ಚಮಚ ಎತ್ತಿದರೆ ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಬರುತ್ತದೆ. ಆಗಲೇ ಇಳಿಸಿ, ಬಿಸಿ ಇರುವಾಗಲೇ ಸೋಸಬೇಕು. ಆರಿದರೆ ಮುಗೀತು, ಜರಡಿಯಿಂದ ಒಂದು ಹನಿ ಇಳಿಯುವುದಿಲ್ಲ. ಹಳೆಯ ದುಪಟ್ಟಾದಲ್ಲಿ ಹಾಕಿ ಹಿಂಡಿ. (ಅಗಸಿಯನ್ನು ಹಿಂಡಿ, ಹಿಂಡಿ ಮಾಡಬೇಡಿ.) ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ವಾಸನೆ ಬಂದರೆ ಚೆಲ್ಲಿ.

ಬಳಸುವುದು ಹೀಗೆ. ಕೂದಲಲ್ಲಿ ಕಂಡೀಷನರ್ ಇದ್ದಾಗಲೇ ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಹಣಿಗಿಯಿಂದ ಬಿಡಿಸಿ. ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಅವ್ವಂದಿರು ಮಾಡುವುದಕ್ಕೆ ಪೂರ್ತಿ ಉಲ್ಟಾ. ತೊಳೆದು, ನೀರು ಸೋರುತ್ತಿರುವಾಗಲೇ ಲೋಳೆ ಹಚ್ಚಿ. ಟವೆಲ್‌ನಲ್ಲಿ ತಿಕ್ಕಬೇಡಿ, ಹಳೆಯ ಬನಿಯನ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಒತ್ತಿ. ಆಮೇಲೆ ಒಣಗುವವರೆಗೂ ಕೈ ಹಾಕಬೇಡಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಕೂದಲು ಗಟ್ಟಿಯಾಗಿ ಕುರುಕುರು ಅನ್ನುತ್ತದೆ, ಹೆದರಬೇಡಿ. ಪೂರ್ತಿ ಒಣಗಿದ ಮೇಲೆ ಮುಷ್ಟಿಯಲ್ಲಿ ಮೆಲ್ಲಗೆ ಅದುಮಿದರೆ ಸಡಿಲ ಆಗುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲೇ. ಹತ್ತು ವರ್ಷದ ಹಿಂದೆ "ನೇರ ಮಾಡಿಸ್ಕೊಳ್ಳಿ ಮೇಡಂ" ಅಂತಿದ್ದ ಅಂಗಡಿಗಳೇ ಈಗ "ನಿಮ್ಮ ನ್ಯಾಚುರಲ್ ಕರ್ಲ್ಸ್ ಎಷ್ಟು ಚೆಂದ ಮೇಡಂ" ಅಂತ ಐದು ಬಾಟಲಿ ಕಿಟ್ ಮಾರುತ್ತಿವೆ. ಆಗಲೂ ಐದು ಸಾವಿರ, ಈಗಲೂ ಹೆಚ್ಚುಕಡಿಮೆ ಅಷ್ಟೇ. ಆ ಏಳನೇ ಕ್ಲಾಸಿನ ಹುಡುಗಿಯ ಮನೆಯಲ್ಲಿ ಯಾರು ಅಷ್ಟು ಕೊಡುತ್ತಾರೆ? ಅವಳಿಗೆ ಬೇಕಾದದ್ದು ಒಂದು ಸ್ಯಾಶೆ ಕಂಡೀಷನರ್, ಒಂದು ಅಗಲ ಹಣಿಗಿ, ಅಡುಗೆಮನೆಯ ಅಗಸಿ. ಮತ್ತು ಬೈಯದ ಟೀಚರ್.

ಮೊದಲ ಸಲ ಅಗಸಿ ಕುದಿಸಿದಾಗ ನಮ್ಮ ಮನೆಯಲ್ಲಿ ದೊಡ್ಡ ಜಗಳ ಆಗಿತ್ತು. "ಹಿಂಡಿ ಕುಟ್ಟಾಕ ತಂದದ್ದ ಅಗಸಿ ಎಲ್ಲಿ ಹೋತು?" ಅಂತ ಅವ್ವ ಪಾತ್ರೆ ಪಾತ್ರೆ ಇಣುಕಿದ್ದಳು. ಈಗ ಅಗಸಿ ತಂದ ದಿನ ತಾನೇ ಎರಡು ಡಬ್ಬಿಗೆ ಹಾಕಿ ಇಡುತ್ತಾಳೆ. "ಇದು ತಾಟಿಂದು, ಇದು ತಲೀದು."

ಬುಧವಾರ ಊಟದ ಬಿಡುವಿನಲ್ಲಿ ಆ ಹುಡುಗಿಯನ್ನು ಕರೆದು ಕೂಡಿಸಿಕೊಂಡೆ. ಮೊದಲು ತಪ್ಪಾಯಿತು ಅಂದೆ. ಅವಳು ಅದಕ್ಕೇ ಜಾಸ್ತಿ ಗಾಬರಿಯಾದಳು. ಆಮೇಲೆ ಇದೆಲ್ಲ ಹೇಳಿದೆ. ರವಿವಾರ ಒದ್ದೆ ಕೂದಲು ಬಿಡಿಸು, ದಿನಾ ಒಣ ತಲೆಗೆ ಹಣಿಗಿ ಹಾಕಬೇಡ, ಬೆಳಿಗ್ಗೆ ಅಂಗೈಯಲ್ಲಿ ನೀರು ಹಚ್ಚಿ ಬೆರಳಿಂದ ಸರಿ ಮಾಡಿ ಹೆರಳು ಹಾಕು ಅಂದೆ. ಎಲ್ಲ ಕೇಳಿಸಿಕೊಂಡಳು.

"ಮತ್ತ ಪ್ರಾರ್ಥನಾದಾಗ ಬೈದ್ರರಿ?"

"ಬೈಯಾಕಿನ ನಾ ಅಲ್ಲೇನವಾ" ಅಂದೆ.

ನಕ್ಕಳು. ಬಾಗಿಲವರೆಗೆ ಹೋದವಳು ತಿರುಗಿ, "ಮತ್ತ ಪಿ.ಟಿ. ಸರ್ರಿ?" ಅಂದಳು.

ಪಿ.ಟಿ. ಸರ್, ನಿಮ್ಮನ್ನು ಈ ಬರಹಕ್ಕೆ ಟ್ಯಾಗ್ ಮಾಡಿದ್ದೇನೆ. ಪೂರ್ತಿ ಓದಿ.