ಗ್ವಾಂಟನಾಮೊ: ತೀರ್ಪು ಕಾಣದ ಕಟಕಟೆ

ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೊದಲ್ಲಿ ಭಯೋತ್ಪಾದನೆಯ ಶಂಕಿತರನ್ನಿಡುವ ಸೆರೆಮನೆಯೂ ಅವರಿಗಾಗಿಯೇ ಒಂದು ಸೇನಾ ನ್ಯಾಯಾಲಯವೂ ಇವೆ. ಆ ನ್ಯಾಯಾಲಯದಲ್ಲಿ ಕಲಾಪ ನಡೆಯುವ ಕೋಣೆಗೂ ಪ್ರೇಕ್ಷಕರ ಕೋಣೆಗೂ ನಡುವೆ ಗಾಜಿನ ಗೋಡೆಯಿದೆ. ಒಳಗಿನ ಮಾತು ಹೊರಗೆ ಕೇಳಿಸುವುದು 40 ಸೆಕೆಂಡು ತಡವಾಗಿ. ಅಷ್ಟರೊಳಗೆ ಯಾವುದಾದರೂ ಮಾತು ಸರ್ಕಾರದ ಗುಟ್ಟೆನಿಸಿದರೆ ಕೆಂಪು ದೀಪ ಹೊತ್ತಿ ಧ್ವನಿ ನಿಂತುಹೋಗುತ್ತದೆ. 2013ರ ಜನವರಿಯಲ್ಲಿ, ಅಮೆರಿಕದ ಮೇಲಿನ 2001ರ ಸೆಪ್ಟೆಂಬರ್ 11ರ ದಾಳಿಯ ಆರೋಪಿಗಳ ಪ್ರಕರಣ ನಡೆಯುತ್ತಿದ್ದಾಗ ಧ್ವನಿ ಹೀಗೆಯೇ ಕಡಿದುಹೋಯಿತು. ಪೀಠದಲ್ಲಿದ್ದ ಕರ್ನಲ್ ಜೇಮ್ಸ್ ಪೋಲ್ ಅವರಿಗೇ ಅಚ್ಚರಿಯಾಯಿತು, ಏಕೆಂದರೆ ಅವರು ಹಾಗೆ ಆದೇಶಿಸಿರಲೇ ಇಲ್ಲ. ನ್ಯಾಯಾಲಯದ ಹೊರಗೆ ಕೂತಿದ್ದ ಯಾರದೋ ಕೈ ನ್ಯಾಯಾಧೀಶರ ಕೈಗಿಂತ ಉದ್ದವಾಗಿತ್ತು.

ವಕೀಲರು ಕಕ್ಷಿದಾರರನ್ನು ಭೇಟಿಯಾಗುವ ಕೊಠಡಿಯಲ್ಲಿ ಹೊಗೆ ಪತ್ತೆ ಮಾಡುವ ಸಾಧನದಂತೆ ತೋರುತ್ತಿದ್ದದ್ದು ಅಸಲಿಗೆ ಮೈಕ್ ಎಂಬುದೂ ಅದೇ ವರ್ಷ ಬಯಲಾಯಿತು. 2015ರ ಫೆಬ್ರವರಿಯಲ್ಲಂತೂ ಆರೋಪಿಯೊಬ್ಬ, ತನ್ನ ವಕೀಲರ ತಂಡದಲ್ಲಿದ್ದ ದುಭಾಷಿಯನ್ನು ತಾನು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ರಹಸ್ಯ ಬಂದೀಖಾನೆಯಲ್ಲಿ ನೋಡಿದ್ದೆನೆಂದು ಕಲಾಪದ ನಡುವೆಯೇ ಹೇಳಿದ. ಆ ದುಭಾಷಿ ಹಿಂದೆ ಸಿಐಎಗಾಗಿ ಕೆಲಸ ಮಾಡಿದ್ದು ನಿಜವೆಂದು ಆಮೇಲೆ ಖಚಿತವಾಯಿತು. ಇದನ್ನು ನ್ಯಾಯಾಲಯವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಈ ವಿಷಯ ಎತ್ತಿದಾಗಲೆಲ್ಲ ಬರುವ ಮರುಪ್ರಶ್ನೆ ಒಂದೇ: ಸಾವಿರಾರು ಜನರನ್ನು ಕೊಂದವರಿಗೆ ಎಂಥ ಮಾನವ ಹಕ್ಕು? ಆ ಪ್ರಶ್ನೆಯ ಹಿಂದಿರುವ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2002ರ ಜನವರಿ 11ರಿಂದ ಈಚೆಗೆ ಆ ಸೆರೆಮನೆ ಕಂಡ ಸುಮಾರು 780 ಜನರಲ್ಲಿ ಬಹುಪಾಲು ಮಂದಿಯನ್ನು ಒಂದು ಆರೋಪವನ್ನೂ ಹೊರಿಸದೆ ವರ್ಷಗಟ್ಟಲೆ ಕೂಡಿಹಾಕಿ, ಕೊನೆಗೆ ಹಾಗೆಯೇ ಬಿಟ್ಟು ಕಳಿಸಲಾಯಿತು. ಇನ್ನು ನಿಜಕ್ಕೂ ಗಂಭೀರ ಆರೋಪ ಹೊತ್ತವರ ಗತಿ ನೋಡಿ. ಸೆಪ್ಟೆಂಬರ್ 11ರ ಸಂಚಿನ ರೂವಾರಿ ಎನ್ನಲಾದ ಖಾಲಿದ್ ಶೇಖ್ ಮೊಹಮ್ಮದ್‌ಗೆ 2003ರ ಮಾರ್ಚ್‌ನಲ್ಲಿ ಸಿಐಎ ಸೆರೆಯಲ್ಲಿ 183 ಬಾರಿ ವಾಟರ್‌ಬೋರ್ಡಿಂಗ್ ಮಾಡಲಾಯಿತು. ಎಂದರೆ ಅಲುಗಾಡದಂತೆ ಕಟ್ಟಿ ಮಲಗಿಸಿ, ಮುಖಕ್ಕೆ ಬಟ್ಟೆ ಮುಚ್ಚಿ, ಉಸಿರುಗಟ್ಟುವಂತೆ ನೀರು ಸುರಿಯಲಾಯಿತು. ಹೀಗೆ ಕಕ್ಕಿಸಿದ ಮಾತನ್ನು ಸಾಕ್ಷ್ಯವೆಂದು ಯಾವ ನ್ಯಾಯಾಧೀಶರು ಒಪ್ಪಬೇಕು? ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಕೋಲ್ ಮೇಲೆ ದಾಳಿ ನಡೆಸಿ 17 ನಾವಿಕರನ್ನು ಕೊಂದ ಪ್ರಕರಣದಲ್ಲಿ ಆರೋಪಿಯ ತಪ್ಪೊಪ್ಪಿಗೆಯನ್ನು, ಅದು ಚಿತ್ರಹಿಂಸೆಯ ಫಲವೆಂಬ ಕಾರಣಕ್ಕೆ, 2023ರ ಆಗಸ್ಟ್‌ನಲ್ಲಿ ಸೇನಾ ನ್ಯಾಯಾಧೀಶರೇ ತಳ್ಳಿಹಾಕಿದರು. 2024ರ ಜುಲೈ 31ರಂದು ಖಾಲಿದ್ ಮತ್ತು ಇನ್ನಿಬ್ಬರು ಮರಣದಂಡನೆಯಿಲ್ಲದ ಶಿಕ್ಷೆಗೆ ಒಪ್ಪಿ ತಪ್ಪೊಪ್ಪಿಕೊಳ್ಳುವ ಕರಾರು ಪ್ರಕಟವಾಯಿತು. ಎರಡೇ ದಿನಕ್ಕೆ ರಕ್ಷಣಾ ಕಾರ್ಯದರ್ಶಿ ಅದನ್ನು ರದ್ದು ಮಾಡಿದರು, ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ರದ್ದತಿಯನ್ನೇ ಎತ್ತಿಹಿಡಿಯಿತು. ಎರಡು ದಶಕ ದಾಟಿದರೂ ತೀರ್ಪಿಲ್ಲ. ಸೆಪ್ಟೆಂಬರ್ 11ರಂದು ಮಡಿದ ಸುಮಾರು 3,000 ಜನರ ಹೆತ್ತವರಲ್ಲಿ ಎಷ್ಟೋ ಮಂದಿ ಕಾದು ಕಾದು ಕಣ್ಣು ಮುಚ್ಚಿದ್ದಾರೆ. ಅವರಿಗೆ ಸಿಗಬೇಕಿದ್ದ ನ್ಯಾಯವನ್ನು ಕಸಿದದ್ದು ಮಾನವ ಹಕ್ಕು ಹೋರಾಟಗಾರರಲ್ಲ. ಆ ಹಿಂಸೆಯ ಕೋಣೆಗಳು.

ಅದೇ ಗ್ವಾಂಟನಾಮೊದಿಂದ ನ್ಯೂಯಾರ್ಕಿನ ಸಾಮಾನ್ಯ ನ್ಯಾಯಾಲಯಕ್ಕೆ 2009ರಲ್ಲಿ ಒಯ್ದ, ಆಫ್ರಿಕಾದಲ್ಲಿನ ಅಮೆರಿಕದ ರಾಯಭಾರ ಕಚೇರಿಗಳ ಮೇಲಿನ 1998ರ ಬಾಂಬ್ ದಾಳಿಯ ಆರೋಪಿ ಅಹ್ಮದ್ ಘೈಲಾನಿಗೆ 2011ರ ಜನವರಿಯಲ್ಲೇ ಜೀವಾವಧಿ ಶಿಕ್ಷೆಯಾಯಿತು. ನಮ್ಮ ಮುಂಬೈನಲ್ಲಿ 2008ರ ನವೆಂಬರಿನ ದಾಳಿಯ ಆರೋಪಿ ಕಸಬ್‌ಗೆ ವಕೀಲರನ್ನು ಕೊಟ್ಟು, 2010ರ ಮೇ ತಿಂಗಳಿಗೆ ತೀರ್ಪು ನೀಡಲಾಯಿತು. ಗಲ್ಲುಶಿಕ್ಷೆಯನ್ನು ನಾನು ಒಪ್ಪುವವನಲ್ಲ. ಆದರೂ ಅದೇ ತೀರ್ಪು, ಅದೇ ಪ್ರಕರಣದ ಇಬ್ಬರು ಭಾರತೀಯ ಆರೋಪಿಗಳನ್ನು ಸಾಕ್ಷ್ಯ ಸಾಲದೆಂದು ಖುಲಾಸೆ ಮಾಡಿದ್ದನ್ನು ಗೌರವದಿಂದ ನೆನೆಯುತ್ತೇನೆ. ಬಿಡುಗಡೆಯ ಸಾಧ್ಯತೆ ಇದ್ದಾಗ ಮಾತ್ರ ಅದು ವಿಚಾರಣೆ.

ವಿಚಾರಣೆಯಿಲ್ಲದ ಸೆರೆ ಕನ್ನಡಿಗರಿಗೆ ಹೊರಗಿನ ಕಥೆಯೇನಲ್ಲ. ಇಂದು ಫ್ರೀಡಂ ಪಾರ್ಕ್ ಆಗಿರುವ ಬೆಂಗಳೂರಿನ ಹಳೆಯ ಜೈಲಿನಲ್ಲಿ ತುರ್ತುಪರಿಸ್ಥಿತಿಯ ಕಾಲಕ್ಕೆ ಆಸ್ತಮಾದಿಂದ ನರಳುತ್ತಿದ್ದ ನಟಿ ಸ್ನೇಹಲತಾ ರೆಡ್ಡಿಯವರನ್ನು ತಿಂಗಳುಗಟ್ಟಲೆ ಇರಿಸಲಾಗಿತ್ತು. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಗ್ವಾಂಟನಾಮೊದ ಮತ್ತೊಬ್ಬ ಕೈದಿ ಅಬು ಜುಬೈದಾ ಸಿಐಎಗೆ ಸೆರೆ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಅಮೆರಿಕದ ಸೆನೆಟ್ ಸಮಿತಿಯ ವರದಿಯ ಪ್ರಕಾರ ಆ ಆಗಸ್ಟ್‌ನಲ್ಲಿ ಆತನನ್ನು ಶವಪೆಟ್ಟಿಗೆಯಷ್ಟಿದ್ದ ಪೆಟ್ಟಿಗೆಯಲ್ಲಿ 266 ಗಂಟೆ, ಇನ್ನೂ ಚಿಕ್ಕದೊಂದರಲ್ಲಿ 29 ಗಂಟೆ ಇಡಲಾಗಿತ್ತು. ಚಿಕ್ಕದರ ಅಗಲ 21 ಇಂಚು, ಎತ್ತರ ಎರಡೂವರೆ ಅಡಿ. ಕಸ್ಟಡಿಯಲ್ಲಿದ್ದಾಗಲೇ ಆತ ಒಂದು ಕಣ್ಣನ್ನೂ ಕಳೆದುಕೊಂಡ. ಆರೋಪವಿದ್ದರೆ ಸಾಮಾನ್ಯ ನ್ಯಾಯಾಲಯದಲ್ಲಿ ಹೊರಿಸಲಿ, ಇಲ್ಲವಾದರೆ ಬಿಡಲಿ ಎಂಬುದಷ್ಟೇ ಆತನ ವಕೀಲರ ಬೇಡಿಕೆ, ನನ್ನದೂ ಅದೇ. ಪೆಟ್ಟಿಗೆಯೊಳಗೆ ಮುದುರಿ ಕೂತ ತನ್ನನ್ನು ಆತ ನೆನಪಿನಿಂದ ಚಿತ್ರ ಬಿಡಿಸಿದ್ದಾನೆ, ಆ ಚಿತ್ರವನ್ನು ಜಗತ್ತು ನೋಡಿದೆ. ಆತನ ಮೇಲಿನ ಆರೋಪಪಟ್ಟಿಯನ್ನು ಮಾತ್ರ ಯಾರೂ ನೋಡಿಲ್ಲ, ಏಕೆಂದರೆ ಅದನ್ನು ಇದುವರೆಗೆ ಬರೆದೇ ಇಲ್ಲ.